ಗಿಂಬಲ್ ಸಿಗುತ್ತಲ್ಲ, ಈ ಪೈಪ್ ಯಾಕೆ?

ನಡೆಯುತ್ತಾ ತೆಗೆದ ವಿಡಿಯೋ ಕುಲುಕದಿರಲಿ ಅಂತ ನಾನು ಮನೆಯಲ್ಲೇ ಮಾಡಿಕೊಂಡ ಕ್ಯಾಮೆರಾ ಸ್ಟೆಬಿಲೈಸರ್ ನೋಡಿದವರೆಲ್ಲ ಕೇಳುವುದು ಒಂದೇ: "ಗಿಂಬಲ್ ಅಂಗಡಿಯಲ್ಲೇ ಸಿಗುತ್ತಲ್ಲ ಮಾರಾಯಾ, ಇದ್ಯಾಕೆ?" ಗಿಂಬಲ್ ಅಂದರೆ ಇದೇ ಕೆಲಸವನ್ನು ಮೋಟರಿನಿಂದ ಮಾಡುವ ಹಿಡಿ.

ದುಡ್ಡು ಉಳಿಸಲು ಅಂತ ಶುರು ಮಾಡಿದ್ದು. ಉಳಿಯಲಿಲ್ಲ, ಆ ಮಾತು ಬಿಡಿ. ಮೊದಲನೆಯದನ್ನು ಪಿವಿಸಿ ಪೈಪಿನಲ್ಲಿ ಮಾಡಿದೆ. ಹಗುರ ಇದೆ ಅಂತ ಖುಷಿಪಟ್ಟೆ. ತೆಗೆದ ವಿಡಿಯೋ ನೋಡಿದರೆ ತೆಪ್ಪದಲ್ಲಿ ಕೂತ ಹಾಗಿತ್ತು. ಹಗುರ ಇದ್ದದ್ದೇ ತಪ್ಪು! ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಉದ್ದದ ಬಿದಿರು ಹಿಡಿದಿರುತ್ತಾಳಲ್ಲ, ಅದೇ ಲೆಕ್ಕ. ತೂಕ ಎರಡು ತುದಿಗೆ ಹೋದಷ್ಟೂ ವಸ್ತು ಸುಲಭಕ್ಕೆ ತಿರುಗುವುದಿಲ್ಲ. ಕೈ ಸ್ವಲ್ಪ ನಡುಗಿದರೆ ಅದು ಕ್ಯಾರೇ ಅನ್ನುವುದಿಲ್ಲ.

ಆಮೇಲೆ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ತಂದೆ. ಮೇಲೆ ಕಾಲು ಇಂಚಿನ ಬೋಲ್ಟಿಗೆ ಕ್ಯಾಮೆರಾ, ಕೆಳಗೆ ವಾಷರ್‌ಗಳು, ನಡುವೆ ಬೇರಿಂಗ್ ಮೇಲೆ ತಿರುಗುವ ಹಿಡಿ. ಹಿಡಿ ಇರಬೇಕಾದ್ದು ತೂಕದ ನಡುಬಿಂದುವಿಗಿಂತ ಒಂಚೂರು ಮೇಲೆ. ಪೈಪನ್ನು ಅಡ್ಡ ಮಾಡಿ ಬಿಟ್ಟರೆ ನೆಟ್ಟಗಾಗಲು ಎರಡು ಮೂರು ಸೆಕೆಂಡ್ ಹಿಡಿಯಬೇಕು. ನನ್ನದು ದಬಕ್ಕನೆ ಬೀಳುತ್ತಿತ್ತು. ಬುಡ ಅಷ್ಟು ಭಾರವಾದರೆ ನಡಿಗೆ ನಿಲ್ಲಿಸಿದಾಗ ಗಡಿಯಾರದ ಲೋಲಕದ ಹಾಗೆ ತೂಗಾಡುತ್ತದೆ. ಒಂದು ವಾಷರ್ ತೆಗೆ, ಬಿಡು, ಎಣಿಸು. ಮತ್ತೆ ಒಂದು. ರಾತ್ರಿ ಹನ್ನೊಂದಕ್ಕೆ ಅಮ್ಮ ಬಂದು "ತಕ್ಕಡಿ ಅಂಗಡಿ ಇಡ್ತೀಯೇನೋ?" ಅಂದರು.

ಸಿನಿಮಾದವರ ಸ್ಟೆಬಿಲೈಸರ್ ಆದ ಸ್ಟೆಡಿಕ್ಯಾಮ್ ಕಂಡುಹಿಡಿದ ಅಮೆರಿಕದ ಗ್ಯಾರೆಟ್ ಬ್ರೌನ್ ಶುರು ಮಾಡಿದ್ದೂ ಹೀಗೇ, ಪೈಪು ತೂಕಗಳ ಜೊತೆ ಒದ್ದಾಡಿ. ಅಲ್ಲಿಯವರೆಗೆ ಹಳಿ ಹಾಕಿ ಟ್ರಾಲಿ ತಳ್ಳಬೇಕಿತ್ತು, ಇಲ್ಲವೇ ಕೈಯಲ್ಲಿ ಹಿಡಿದು ಕುಲುಕಬೇಕಿತ್ತು. ಪರೀಕ್ಷೆಗೆ ಅಂತ ಅವನು ತನ್ನ ಗೆಳತಿಯನ್ನು ಫಿಲಡೆಲ್ಫಿಯಾದ ಆರ್ಟ್ ಮ್ಯೂಸಿಯಂ ಮೆಟ್ಟಿಲ ಮೇಲೆ ಓಡಿಸಿ ಹಿಂದೆ ತಾನೂ ಓಡಿದ. ಅದನ್ನು ನೋಡಿದ ನಿರ್ದೇಶಕ ಜಾನ್ ಅವಿಲ್ಡ್‌ಸನ್ ಆ ಮೆಟ್ಟಿಲು ಎಲ್ಲಿದೆ ಅಂತ ವಿಚಾರಿಸಿದ. 1976ರ 'ರಾಕಿ' ಸಿನಿಮಾದಲ್ಲಿ ನಾಯಕ ಓಡಿ ಹತ್ತುವುದು ಅದೇ ಮೆಟ್ಟಿಲು.

ಬ್ರೌನ್‌ನ ಸ್ಟೆಡಿಕ್ಯಾಮಿಗೆ ಮೈಗೆ ಕಟ್ಟುವ ಜಾಕೆಟ್ಟು, ಸ್ಪ್ರಿಂಗ್ ತೋಳು ಇವೆ. ಹೆಜ್ಜೆಯ ಏರಿಳಿತವನ್ನು ಆ ತೋಳು ನುಂಗುತ್ತದೆ. ನನ್ನದಕ್ಕೆ ತೋಳಿಲ್ಲ. ಮೊಣಕಾಲು ತುಸು ಬಗ್ಗಿಸಿ, ಮದುವೆ ಪಂಕ್ತಿಯಲ್ಲಿ ತುಂಬಿದ ಸಾರಿನ ಬಕೆಟ್ ಹಿಡಿದವರ ಹಾಗೆ ನಡೆಯಬೇಕು. ಅಂಗಡಿಯ ಮೂರು ಮೋಟರಿನ ಗಿಂಬಲ್ ಕೂಡ ಓಲಾಟ ತಡೆಯುತ್ತದೆ, ಹೆಜ್ಜೆಯ ಕುಣಿತ ತಡೆಯುವುದಿಲ್ಲ. ಅದನ್ನು ಕೊಂಡರೂ ಈ ನಡಿಗೆ ಕಲಿಯಲೇಬೇಕು ಅಲ್ವಾ?

ಇದರಿಂದ ಒಂದು ಕಾಟವೂ ಅಂಟಿಕೊಂಡಿದೆ. ಥಿಯೇಟರಿನಲ್ಲಿ ಉದ್ದನೆಯ ಶಾಟ್ ಬಂದರೆ ನಾಯಕನನ್ನು ಬಿಟ್ಟು ಫ್ರೇಮಿನ ಅಂಚು ನೋಡುತ್ತೇನೆ. ಕ್ಯಾಮೆರಾ ನಿಲ್ಲುವ ಗಳಿಗೆಯೇ ಕಷ್ಟದ್ದು. ನೀರಿನ ಮೇಲಿನ ಎಲೆಯಂತೆ ಚೂರು ತೇಲಿ ನಿಂತರೆ ಸುಮ್ನೆ ಚಪ್ಪಾಳೆ ತಟ್ಟೋಣ ಅನ್ನಿಸುತ್ತದೆ. ಅಷ್ಟರಲ್ಲಿ ಕಥೆ ತಪ್ಪಿಹೋಗಿರುತ್ತದೆ, ಹೆಂಡತಿಯನ್ನು ಕೇಳಬೇಕು.

ಈಗ ಯಾರಾದರೂ ಕೇಳಿದರೆ ಪೈಪನ್ನು ಅವರ ಕೈಗೇ ಕೊಟ್ಟು, ಜಗಲಿಯಿಂದ ಅಡುಗೆಮನೆವರೆಗೆ ಹೋಗಿ ಬನ್ನಿ ಅನ್ನುತ್ತೇನೆ. ಹೊಸ್ತಿಲ ಹತ್ತಿರ ಎಲ್ಲರ ಚಿತ್ರವೂ ಕುಲುಕುತ್ತದೆ. ನನ್ನದು ಈಗಲೂ.