ಒಂದೇ ಬೀಟ್ ಅಂತ ಬರೆಯುವ ಮೊದಲು

ಎಲೆಕ್ಟ್ರಾನಿಕ್ ಡಾನ್ಸ್ ಮತ್ತು ಜಾಜ್ ಆಲ್ಬಂಗಳಿಗೆ ವಿಮರ್ಶೆ ಬರೆಯುವುದು ನನ್ನ ಕೆಲಸ. ಹೊಸದಾಗಿ ಬರೆಯಲು ಬರುವವರ ಕರಡು ತಿದ್ದುವುದೂ ನನ್ನ ಪಾಲಿಗೇ ಬರುತ್ತದೆ. ಅವುಗಳಲ್ಲಿ ಎರಡು ದೂರು ಮತ್ತೆ ಮತ್ತೆ ಕಾಣುತ್ತವೆ. ಡಾನ್ಸ್ ಆಲ್ಬಂ ಆದರೆ "ಒಂದೇ ಬೀಟ್, ಬೇಜಾರು". ಜಾಜ್ ಆದರೆ "ಎಲ್ಲೆಲ್ಲೋ ಹೋಗುತ್ತದೆ, ಕೈಗೇ ಸಿಗೋದಿಲ್ಲ". ಎರಡಕ್ಕೂ ಕಾರಣ ಒಂದೇ. ಸಿನಿಮಾ ಹಾಡು ಕೇಳುವ ಕಿವಿಯಲ್ಲೇ ಇವನ್ನೂ ಕೇಳುತ್ತಾರೆ. ಪಲ್ಲವಿ ಎಲ್ಲಿ, ಚರಣ ಎಲ್ಲಿ, ಹಾಡಿದವರು ಯಾರು ಅಂತ ಹುಡುಕುತ್ತಾರೆ.

ನಾನು ಅವರಿಗೆ ಹೇಳುವುದು ಇಷ್ಟೇ. ಈ ಸಂಗೀತದಲ್ಲಿ ಯಾವುದು ನಿಂತಿದೆ, ಯಾವುದು ಓಡಾಡುತ್ತಿದೆ, ಮೊದಲು ಅದನ್ನು ಕಂಡುಕೊಳ್ಳಿ. ತಂಬೂರಿ ಕಛೇರಿ ಮುಗಿಯುವ ತನಕ ಒಂದೇ ಶ್ರುತಿ ಹಿಡಿದಿತ್ತು ಅಂತ ನಾವು ಯಾರನ್ನೂ ಬೈಯುವುದಿಲ್ಲ, ಅಲ್ವಾ?

ಹೌಸ್ ಅನ್ನುವುದು ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತದ ಒಂದು ಬಗೆ. ಅದರಲ್ಲಿ ನಿಮಿಷಕ್ಕೆ ಸುಮಾರು 120ರಿಂದ 130 ಬೀಟ್ ಇರುತ್ತವೆ. ಪ್ರತಿ ಎಣಿಕೆಗೂ ಕಿಕ್ ಡ್ರಮ್ಮಿನ ದಪ್ಪ ಪೆಟ್ಟು ಬೀಳುತ್ತದೆ. ಅದು ನಿಂತಿರುವ ಭಾಗ. ಹೈ-ಹ್ಯಾಟ್ ಅನ್ನುವ ಜೋಡಿ ತಟ್ಟೆಗಳ ಸದ್ದು, ಬೇಸ್, ಸದ್ದನ್ನು ಮುಸುಕು ಮಾಡುವ ಅಥವಾ ತೆರೆಯುವ ಫಿಲ್ಟರ್ ಇವೆಲ್ಲ ಅದರ ಮೇಲೆ ಓಡಾಡುತ್ತವೆ. ಮೊದಲು ಮುಸುಕಾಗಿದ್ದ ಒಂದು ಸದ್ದು 16 ಅಥವಾ 32 ಬಾರ್ (ಒಂದು ಬಾರ್ ಅಂದರೆ ನಾಲ್ಕು ಎಣಿಕೆ) ದಾಟುವ ಹೊತ್ತಿಗೆ ನಿಧಾನವಾಗಿ ತೆರೆದುಕೊಂಡಿರುತ್ತದೆ. ಆ ತೆರೆದುಕೊಳ್ಳುವಿಕೆಯೇ ಅಲ್ಲಿನ ಕಥೆ. ಶುರುವಿನಲ್ಲಿ, ಕೊನೆಯಲ್ಲಿ ಬರೀ ಡ್ರಮ್ಸ್ ಇದ್ದರೆ "ಸುಮ್ನೆ ಎಳೆದಿದ್ದಾರೆ" ಅಂತ ಬರೆಯಬೇಡಿ. ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ದಾಟಲು ಡಿಜೆಗೆ ಆ ಜಾಗ ಬೇಕು. ಇನ್ನೊಂದು ಮಾತು. ಫೋನಿನ ಸ್ಪೀಕರಿನಲ್ಲಿ ಕೇಳಿ ಡಾನ್ಸ್ ಆಲ್ಬಂ ಬಗ್ಗೆ ತೀರ್ಪು ಕೊಡಬಾರದು. ತೀರಾ ಕೆಳಗಿನ ಬೇಸ್ ಅದರಲ್ಲಿ ಬರುವುದೇ ಇಲ್ಲ. ಆಲ್ಬಂನ ಅರ್ಧ ಜೀವ ಅಲ್ಲೇ ಇರುತ್ತದೆ.

ಚರಣ್‌ಜಿತ್ ಸಿಂಗ್ ಅವರ ಉದಾಹರಣೆಯನ್ನು ನಾನು ಎಲ್ಲರಿಗೂ ಕೊಡುತ್ತೇನೆ. ಮುಂಬೈಯಲ್ಲಿ ಹಿಂದಿ ಸಿನಿಮಾಗಳಿಗೆ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಯಂತ್ರ, ಟಿಬಿ-303 ಬೇಸ್ ಯಂತ್ರ, ಜೂಪಿಟರ್-8 ಸಿಂಥಸೈಜರ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂಡಿಸಿದರು. ಆಗ ಹೆಚ್ಚು ಜನ ಗಮನಿಸಲಿಲ್ಲ. 2010ರಲ್ಲಿ ಆಲ್ಬಂ ಮತ್ತೆ ಹೊರಬಂದಾಗ ಹೊರದೇಶದ ಕೇಳುಗರು ಬೆರಗಾದರು. ಅದೇ 303 ಯಂತ್ರದಿಂದ ಶಿಕಾಗೋದ ಫ್ಯೂಚರ್ ತಂಡ ಹೌಸ್‌ನದೇ ಒಂದು ಕವಲಾದ ಆಸಿಡ್ ಹೌಸ್ ಸದ್ದನ್ನು ಹೊರತಂದದ್ದು 1987ರಲ್ಲಿ. ಹಾಗಾಗಿ "ಶಿಕಾಗೋಗಿಂತ ಐದು ವರ್ಷ ಮೊದಲೇ" ಅನ್ನುವ ಸಾಲು ಎಲ್ಲ ಕಡೆ ಓಡಾಡಿತು.

ಸಾಲು ಚೆನ್ನಾಗಿದೆ. ಆದರೆ ಅದು ಕ್ಯಾಲೆಂಡರ್ ನೋಡಿ ಹೇಳಿದ ಮಾತು. ಕಿವಿಗೆ ಬಿದ್ದದ್ದೇನು ಅಂತ ಅದು ತಿಳಿಸುವುದಿಲ್ಲ. 303ರಲ್ಲಿ ಸ್ಲೈಡ್ ಅಂತ ಒಂದು ಸೌಲಭ್ಯ ಇದೆ. ಅದನ್ನು ಹಾಕಿದರೆ ಒಂದು ಸ್ವರ ಮುಂದಿನ ಸ್ವರಕ್ಕೆ ಜಾರುತ್ತದೆ. ನಮ್ಮ ಸಂಗೀತದ ಜಾರು ಕೇಳಿ ಬೆಳೆದವರಿಗೆ ಆ ಜಾರುವಿಕೆ ಬೇರೆಯೇ ಕೇಳಿಸುತ್ತದೆ. ಇಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಒಂದು ದೊಡ್ಡ ಅನುಕೂಲ ಇದೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಆಲ್ಬಂನಲ್ಲಿರುವ ಮಾಲ್ಕೌಂಸ್ ನಮಗೆ ಹಿಂದೋಳ. ಭೂಪಾಲಿ ನಮಗೆ ಮೋಹನ. ರಾಗ ಎಲ್ಲಿ ಬಿಚ್ಚಿಕೊಂಡಿತು, ಬೀಟ್ ಅದನ್ನು ಎಲ್ಲಿ ಇಕ್ಕಟ್ಟಿಗೆ ಸಿಕ್ಕಿಸಿತು ಅಂತ ನಮ್ಮ ಓದುಗರಿಗೆ ನೇರವಾಗಿ ಹೇಳಬಹುದು. ಈ ಅನುಕೂಲ ಬಿಟ್ಟು ಹೊರಗಿನವರ ಸಾಲನ್ನೇ ಯಾಕೆ ಮತ್ತೆ ಬರೆಯಬೇಕು?

ಜಾಜ್ ಕೇಳಲು ಕಲಿಯುವುದಕ್ಕೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಕೈಂಡ್ ಆಫ್ ಬ್ಲೂ' ಸಾಕು. ಅದರ ಮೊದಲ ಟ್ರ್ಯಾಕ್ 'ಸೋ ವಾಟ್' 32 ಬಾರ್‌ಗಳ ಒಂದು ಸುತ್ತು. 16 ಬಾರ್ ಒಂದು ಸ್ವರಶ್ರೇಣಿ, ಎಂಟು ಬಾರ್ ಅದಕ್ಕಿಂತ ಅರ್ಧ ಸ್ವರ ಮೇಲೆ, ಮತ್ತೆ ಎಂಟು ಬಾರ್ ಮೊದಲಿನದು. ನಿಂತಿರುವುದು ಈ ಸುತ್ತು. ಇದನ್ನು ಬೆರಳಲ್ಲಿ ಎಣಿಸಿಕೊಂಡು ಕೇಳಿ ಅಂತ ಹೇಳುತ್ತೇನೆ. ತಾಳ ಹಾಕಿ ಅಭ್ಯಾಸ ಇದ್ದವರಿಗೆ ಇದು ಬೇಗ ಹಿಡಿಯುತ್ತದೆ. ಆಮೇಲೆ ಮೈಲ್ಸ್ ಎಷ್ಟು ಜಾಗ ಖಾಲಿ ಬಿಡುತ್ತಾರೆ, ಅವರ ನಂತರ ಬರುವ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅದೇ ಸುತ್ತನ್ನು ಎಷ್ಟು ತುಂಬುತ್ತಾರೆ ಅನ್ನುವುದು ಎದ್ದು ಕಾಣುತ್ತದೆ. "ಎಲ್ಲೆಲ್ಲೋ ಹೋಗುತ್ತದೆ" ಅನ್ನುವ ದೂರು ಅಲ್ಲಿಗೆ ನಿಲ್ಲುತ್ತದೆ.

ಯಾವ ಪ್ರತಿ ಕೇಳಿದಿರಿ ಅಂತಲೂ ಬರೆಯಿರಿ. ಈ ಆಲ್ಬಂನ ಮೊದಲ ಮೂರು ಟ್ರ್ಯಾಕ್ ರೆಕಾರ್ಡ್ ಆಗುವಾಗ ಟೇಪ್ ಯಂತ್ರದ ವೇಗ ಸರಿ ಇರಲಿಲ್ಲ. ಹಾಗಾಗಿ ದಶಕಗಳ ಕಾಲ ಅವು ಕೊಂಚ ಏರಿದ ಶ್ರುತಿಯಲ್ಲೇ ಕೇಳಿಸಿದವು. ಸರಿಪಡಿಸಿದ ಪ್ರತಿ ಬಂದದ್ದು 1992ರಲ್ಲಿ.

ಎರಡೂ ಲೋಕ ಕೂಡಿದ ಆಲ್ಬಂ ಬೇಕಿದ್ದರೆ 2021ರ 'ಪ್ರಾಮಿಸಸ್' ಇದೆ. ಇಂಗ್ಲೆಂಡಿನ ಎಲೆಕ್ಟ್ರಾನಿಕ್ ಸಂಗೀತಗಾರ ಫ್ಲೋಟಿಂಗ್ ಪಾಯಿಂಟ್ಸ್, ಆಗ ಎಂಬತ್ತು ವರ್ಷದವರಾಗಿದ್ದ ಜಾಜ್ ಸ್ಯಾಕ್ಸೋಫೋನ್ ವಾದಕ ಫಾರೋ ಸ್ಯಾಂಡರ್ಸ್, ಜೊತೆಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ. ಒಂದು ಪುಟ್ಟ ಸ್ವರಗುಚ್ಛ ಹೆಚ್ಚುಕಡಿಮೆ ಕೊನೆಯವರೆಗೂ ಮರಳಿ ಬರುತ್ತಲೇ ಇರುತ್ತದೆ. ಸ್ಯಾಂಡರ್ಸ್ ಅದರ ಸುತ್ತ ಉಸಿರಾಡುತ್ತಾರೆ. ಒಂಬತ್ತು ಭಾಗಗಳಿವೆ, ಆದರೆ ಬಿಡಿಸಿ ಕೇಳಿದರೆ ಪ್ರಯೋಜನವಿಲ್ಲ. ನನಗೆ ಇದು ತುಂಬಾ ಪ್ರೀತಿಯ ಆಲ್ಬಂ.

ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ 'ಜ್ಯೋತಿ' 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು. ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ. ಹೊಸಬರಿಗೆ ಈ ಆಲ್ಬಂ ಕೊಟ್ಟರೆ ಬಹುತೇಕ ಎಲ್ಲರೂ "ಫ್ಯೂಷನ್" ಅಂತ ಬರೆದು ಮುಂದೆ ಹೋಗುತ್ತಾರೆ. ನಾನು ಆ ಪದ ಹೊಡೆದುಹಾಕಿ ಕರಡು ವಾಪಸ್ ಕೊಡುತ್ತೇನೆ. ತಾಳ ಯಾರ ಕೈಯಲ್ಲಿದೆ, ಸ್ಯಾಕ್ಸ್ ಎಷ್ಟನೇ ನಿಮಿಷದಲ್ಲಿ ಒಳಗೆ ಬರುತ್ತದೆ, ಅದು ದನಿಯನ್ನು ಹಿಂಬಾಲಿಸುತ್ತದೋ ಎದುರು ನಿಲ್ಲುತ್ತದೋ ಅಂತ ಕೇಳಿ ಬರೆದು ತನ್ನಿ ಎನ್ನುತ್ತೇನೆ.