‘ಮಗಳು ಸೊರೊರಿಟಿ ಸೇರ್ತೀನಿ ಅಂತಿದ್ದಾಳೆ, ಬಿಡಬಹುದಾ?’

ಜನವರಿ ಬಂತು ಅಂದರೆ ನನಗೆ ಈ ಫೋನ್‌ಗಳು ಶುರು. ಒಮ್ಮೆ ಡಲ್ಲಾಸ್‌ನಿಂದ, ಒಮ್ಮೆ ನ್ಯೂಜೆರ್ಸಿಯಿಂದ, ಹೋದ ಸಲ ಜಯನಗರದಿಂದ. ಊಟ ಆಯ್ತಾ, ಅಲ್ಲಿ ಚಳಿ ಹೇಗಿದೆ ಎಂದೆಲ್ಲ ಮಾತಾಡಿ ಕೊನೆಗೆ ಅಲ್ಲಿಗೇ ಬರುತ್ತಾರೆ. ಮಗಳಾದರೆ ಸೊರೊರಿಟಿ, ಮಗನಾದರೆ ಫ್ರಟರ್ನಿಟಿ. ಸೇರಲಿ ಅನ್ನಬೇಕಾ, ಬೇಡ ಅನ್ನಬೇಕಾ? ನಾನು ಒಹಾಯೋದ ಒಂದು ಸಣ್ಣ ಕಾಲೇಜಿನ ಲೈಬ್ರರಿಯಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅದಕ್ಕೇ ನನ್ನನ್ನು ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿ ಇಡುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಮೊದಲು ಇದೇನು ಅಂತ ಹೇಳುತ್ತೇನೆ. ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಹೊಸಬರನ್ನು ಆರಿಸಿ ಸೇರಿಸಿಕೊಳ್ಳುವ ಸಂಘಗಳಿವು. ಹುಡುಗಿಯರದು ಸೊರೊರಿಟಿ, ಹುಡುಗರದು ಫ್ರಟರ್ನಿಟಿ. ಎರಡನ್ನೂ ಸೇರಿಸಿ ‘ಗ್ರೀಕ್ ಲೈಫ್’ ಅನ್ನುತ್ತಾರೆ, ಆದರೆ ಗ್ರೀಸ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರುಗಳು ಗ್ರೀಕ್ ಅಕ್ಷರಗಳಲ್ಲಿ ಇರುತ್ತವೆ, ಅಷ್ಟೇ. 1776ರಲ್ಲಿ ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಈ ರೂಢಿ ಹಾಕಿತು. ಅದು ಈಗ ಚೆನ್ನಾಗಿ ಓದುವವರಿಗೆ ಸಿಗುವ ಗೌರವ. ಇವತ್ತಿನ ಫ್ರಟರ್ನಿಟಿಯ ಬೇರು ಇರುವುದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿರುವ ಯೂನಿಯನ್ ಕಾಲೇಜಿನಲ್ಲಿ. 1825ರಲ್ಲಿ ಅಲ್ಲಿ ಕಪ್ಪಾ ಆಲ್ಫಾ ಶುರುವಾಯಿತು, 1827ರಲ್ಲಿ ಇನ್ನೆರಡು. ಹೆಣ್ಣುಮಕ್ಕಳ ಕಥೆ ಇಲಿನಾಯ್‌ನ ಮಾನ್ಮತ್ ಕಾಲೇಜಿನದು. 1867ರಲ್ಲಿ ಅಲ್ಲಿ 12 ಹುಡುಗಿಯರು ಸೇರಿ, ಗಂಡಸರ ಫ್ರಟರ್ನಿಟಿಯ ಥರದ್ದೇ ಒಂದು ಸಂಘವನ್ನು ತಮಗಾಗಿ ಕಟ್ಟಿಕೊಂಡರು. ಅದೇ ಇವತ್ತಿನ ಪೈ ಬೀಟಾ ಫೈ. ಯೂನಿಯನ್ ಆಗಲಿ ಮಾನ್ಮತ್ ಆಗಲಿ ಇವತ್ತಿಗೂ ಸಣ್ಣ ಕಾಲೇಜುಗಳೇ. ಅಂದರೆ ಇದು ದೊಡ್ಡ ಯೂನಿವರ್ಸಿಟಿಗಳಿಂದ ಸಣ್ಣ ಊರಿಗೆ ಬಂದ ಹುಚ್ಚಲ್ಲ. ಇಲ್ಲೇ ಹುಟ್ಟಿ ಅಲ್ಲಿಗೆ ಹೋದದ್ದು.

ಈಗ ನನ್ನ ಉತ್ತರ. ‘ಸೊರೊರಿಟಿ ಒಳ್ಳೆಯದಾ?’ ಎಂದು ಕೇಳಿದವರಿಗೆ ನಾನು ವಾಪಸ್ ಒಂದು ಪ್ರಶ್ನೆ ಕೇಳುತ್ತೇನೆ. ಆ ಕಾಲೇಜಿನಲ್ಲಿ ಯಾವುದಕ್ಕೂ ಸೇರದ ಮಕ್ಕಳು ಶನಿವಾರ ರಾತ್ರಿ ಏನು ಮಾಡುತ್ತಾರೆ?

40 ಸಾವಿರ ಮಕ್ಕಳಿರುವ ಯೂನಿವರ್ಸಿಟಿಯಲ್ಲಿ ಫ್ರಟರ್ನಿಟಿಗಳ ಬೀದಿ ಎಂದರೆ ಊರಿನ ಒಂದು ಬಡಾವಣೆ ಇದ್ದ ಹಾಗೆ. ಆ ಕಡೆ ಹೋಗದೆಯೇ ನಾಲ್ಕು ವರ್ಷ ಖುಷಿಯಾಗಿ ಕಳೆಯಬಹುದು. ಇಂಡಿಯನ್ ಸ್ಟೂಡೆಂಟ್ಸ್ ಅಸೋಸಿಯೇಷನ್ ಇದೆ, ಕ್ರಿಕೆಟ್ ಇದೆ, ಬಸ್ ಹತ್ತಿದರೆ ಸಿಟಿ ಇದೆ. ನಮ್ಮವರೇ ಕಟ್ಟಿದ ಫ್ರಟರ್ನಿಟಿಗಳು ಬಂದದ್ದೂ ಅಂಥ ಕಡೆಯೇ. ದಕ್ಷಿಣ ಏಷ್ಯಾದ ಹುಡುಗರ ಐಯೋಟಾ ನು ಡೆಲ್ಟಾ 1994ರಲ್ಲಿ ಬಿಂಗ್ಹ್ಯಾಮ್ಟನ್‌ನಲ್ಲಿ, ಹುಡುಗಿಯರ ಡೆಲ್ಟಾ ಫೈ ಒಮೆಗಾ 1998ರಲ್ಲಿ ಹ್ಯೂಸ್ಟನ್‌ನಲ್ಲಿ. ಸಣ್ಣ ಕಾಲೇಜಿನ ಲೆಕ್ಕ ಬೇರೆ. ಇರುವವರೇ 1,800 ಜನ, ಅದರಲ್ಲಿ ಅರ್ಧ ಜನ ಯಾವುದೋ ಒಂದು ಫ್ರಟರ್ನಿಟಿಗೋ ಸೊರೊರಿಟಿಗೋ ಸೇರಿದ್ದಾರೆ ಎಂದುಕೊಳ್ಳಿ. ಇಂಡಿಯಾನಾದ ಡಿಪಾ, ವರ್ಜೀನಿಯಾದ ವಾಷಿಂಗ್ಟನ್ ಆ್ಯಂಡ್ ಲೀ ಇಂಥಲ್ಲಿ ಅರ್ಧಕ್ಕಿಂತಲೂ ಜಾಸ್ತಿ. ಊರಲ್ಲಿ ಒಂದು ಪಿಜ್ಜಾ ಅಂಗಡಿ, ಒಂದು ಗ್ಯಾಸ್ ಸ್ಟೇಷನ್, ಸುತ್ತ ಜೋಳದ ಹೊಲ. ಆಗ ಡೈನಿಂಗ್ ಹಾಲಿನ ಟೇಬಲ್‌ಗಳೇ ಹಂಚಿಹೋಗಿರುತ್ತವೆ. ಕಿಟಕಿ ಪಕ್ಕದ ಉದ್ದ ಟೇಬಲ್ ಇವರದು, ಸಲಾಡ್ ಹತ್ತಿರದ್ದು ಅವರದು. ಬೋರ್ಡೇನೂ ಇರುವುದಿಲ್ಲ, ಆದರೆ ಅಕ್ಟೋಬರ್ ಹೊತ್ತಿಗೆ ಹೊಸಬರಿಗೂ ಗೊತ್ತಾಗಿರುತ್ತದೆ.

ಸೇರುವುದು ಹೇಗೆ ಎಂದರೆ, ಹುಡುಗಿಯರಿಗೆ ಒಂದು ವಾರಾಂತ್ಯವಿಡೀ ‘ರಶ್’. ಒಂದೊಂದು ಗುಂಪಿನ ಹತ್ತಿರವೂ ಹೋಗಿ ಮಾತಾಡಬೇಕು. ದಿನ ಕಳೆದಂತೆ ಅವರು ಕೆಲವರನ್ನು ಬಿಡುತ್ತಾರೆ, ಇವರೂ ಕೆಲವನ್ನು ಬಿಡುತ್ತಾರೆ. ಕೊನೆಯ ದಿನ ‘ಬಿಡ್ ಡೇ’. ಬಿಡ್ ಅಂದರೆ ಸೇರಲು ಬರುವ ಕರೆ. ಆಯ್ಕೆಯಾದ ಎಲ್ಲರಿಗೂ ಮುಚ್ಚಿದ ಲಕೋಟೆ ಕೊಡುತ್ತಾರೆ. ಮೊದಲೇ ಇಣುಕಬಾರದು ಎಂದು ಹುಡುಗಿಯರು ಅದರ ಮೇಲೆಯೇ ಕುಳಿತಿರುತ್ತಾರೆ. ಎಣಿಸಿ ಮೂರು ಅಂದ ಕೂಡಲೇ ಒಡೆದು, ಕಿರುಚಿ, ಹಿಮದಲ್ಲೇ ತಮ್ಮ ಹೊಸ ಅಕ್ಕಂದಿರ ಕಡೆ ಓಡುತ್ತಾರೆ. ನೋಡಲು ತುಂಬ ಚೆಂದ. ನಿಜವಾಗಿಯೂ ಚೆಂದ.

ಲಕೋಟೆ ಇಲ್ಲದವರಿಗೆ ಬೆಳಿಗ್ಗೆಯೇ ಫೋನ್ ಬಂದಿರುತ್ತದೆ. ಕೆಲವು ವರ್ಷದ ಹಿಂದೆ ನಮ್ಮ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಗೆ ಹಾಗೆ ಬಂದಿತ್ತು. ರಜೆ ಕೇಳಲಿಲ್ಲ, ಎರಡು ಗಂಟೆಯ ಪಾಳಿಗೆ ಸರಿಯಾಗಿ ಬಂದಳು. ಆ ದಿನಕ್ಕೆಂದೇ ಕೊಂಡಿದ್ದ ಬಿಳಿ ಡ್ರೆಸ್ ಬೆಲೆಚೀಟಿ ಸಮೇತ ಅವಳ ಚೀಲದಲ್ಲಿತ್ತು. ಅಂಗಡಿಗೆ ವಾಪಸ್ ಕೊಡಬೇಕು ಅಂತ ಬಿಲ್ ಹುಡುಕುತ್ತಿದ್ದಳು. ಪರ್ಸ್ ತೆಗೆದಳು, ಕೋಟಿನ ಜೇಬು ನೋಡಿದಳು, ಮತ್ತೆ ಪರ್ಸ್ ತೆಗೆದಳು. ಕಿಟಕಿಯಾಚೆ ಆ ಕಿರುಚಾಟ ಕೇಳಿಸಿತು. ಅವಳ ರೂಮ್‌ಮೇಟ್ ಆ ಗುಂಪಿನಲ್ಲಿದ್ದಳು. ‘ಇನ್ನು ಅವಳು ನನ್ನ ಜೊತೆ ಊಟಕ್ಕೆ ಬರಲ್ಲ’ ಅಂದಳು. ಅಳಲಿಲ್ಲ. ಸುಮ್ನೆ ಹೇಳಿದಳು. 18 ವರ್ಷದ ಮಗು. ಮನೆಯಿಂದ ದೂರ ಬಂದು ಐದು ತಿಂಗಳಾಗಿತ್ತು. ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಹಾಗಂತ ಬೇಡವೇ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ದಾವಣಗೆರೆ ಕಡೆಯ ಒಬ್ಬ ಹುಡುಗ ನಮ್ಮಲ್ಲಿ ಓದುತ್ತಿದ್ದ. ಮೂರನೇ ವರ್ಷದಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ಅಪ್ಪ ಹೋದರೆಂದು ಫೋನ್ ಬಂತು. ಅವನ ಫ್ರಟರ್ನಿಟಿಯ ಇಬ್ಬರು ಹುಡುಗರು ಕಾರು ತೆಗೆದರು. ಹಿಮದಲ್ಲಿ ಆರು ಗಂಟೆ ಓಡಿಸಿ ಶಿಕಾಗೋದಲ್ಲಿ ವಿಮಾನ ಹತ್ತಿಸಿದರು. ಟಿಕೆಟ್ಟಿಗೆ ಎಲ್ಲರೂ ದುಡ್ಡು ಹಾಕಿದ್ದರು. ಅವನು ತಿರುಗಿ ಬರುವಷ್ಟರಲ್ಲಿ ಒಬ್ಬ ಅವನ ಪ್ರೊಫೆಸರ್‌ಗಳನ್ನೆಲ್ಲ ಕಂಡು ಮಾತಾಡಿದ್ದ, ಇನ್ನೊಬ್ಬ ಬಟ್ಟೆ ಒಗೆದು ಮಡಿಸಿ ಇಟ್ಟಿದ್ದ. ಲೈಬ್ರರಿ ಪುಸ್ತಕಗಳನ್ನು ವಾಪಸ್ ತಂದವನು ದಂಡ ಎಷ್ಟು ಎಂದು ಕೇಳಿದ್ದೂ ನೆನಪಿದೆ. ನಾನು ತೆಗೆದುಕೊಳ್ಳಲಿಲ್ಲ. ಪರದೇಶದಲ್ಲಿ ಒಬ್ಬ ಮಗನಿಗೆ ಇಷ್ಟು ಅಣ್ಣತಮ್ಮಂದಿರು ಸಿಗುವುದು ಸಣ್ಣ ಮಾತಲ್ಲ.

ಆದರೆ ಯಾರನ್ನು ಒಳಗೆ ಬಿಡಬೇಕು ಎಂದು ಆರಿಸುವ ಹಕ್ಕು ಇದ್ದಲ್ಲಿ ಯಾರನ್ನು ಬಿಡಬಾರದು ಎಂಬುದೂ ಇರುತ್ತದೆ, ಅಲ್ವಾ? ಹಾಸ್ಟೆಲಿನಲ್ಲಿ ಇರುವಾಗ ‘ನೀವು ಯಾವ ಪೈಕಿ?’ ಎಂಬ ಪ್ರಶ್ನೆ ಕೇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಯಹೂದಿ ಹುಡುಗಿಯೊಬ್ಬಳನ್ನು ಸೊರೊರಿಟಿ ಒಳಗೆ ಬಿಡಲಿಲ್ಲ. ಮಾಲಿ ಯಾರ್ಡ್ ಎಂಬ ವಿದ್ಯಾರ್ಥಿನಿ ಹೋರಾಟಕ್ಕಿಳಿದಳು, ಸೊರೊರಿಟಿಗಳೇ ಅಲ್ಲಿ ಮುಚ್ಚಿದವು. ಇದು 1930ರ ದಶಕದ ಮಾತು. ಅವರೇ ಮುಂದೆ ಅಮೆರಿಕದ ದೊಡ್ಡ ಮಹಿಳಾ ಸಂಘಟನೆ ‘ನೌ’ದ ಅಧ್ಯಕ್ಷೆಯಾದರು. 1948ರಲ್ಲಿ ಆಮರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಫ್ರಟರ್ನಿಟಿಯ ಹುಡುಗರು ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡರು. ಕೇಂದ್ರ ಕಚೇರಿ ಆ ಶಾಖೆಯನ್ನೇ ಹೊರಗೆ ಹಾಕಿತು. ಹುಡುಗರು ಬಗ್ಗಲಿಲ್ಲ, ಬೇರೆ ಹೆಸರಿಟ್ಟುಕೊಂಡು ಮುಂದುವರಿದರು. ಮುಂದೆ ಸಣ್ಣ ಕಾಲೇಜುಗಳು ಒಂದೊಂದಾಗಿ ಈ ಪದ್ಧತಿಯನ್ನೇ ಕೈಬಿಟ್ಟವು. ವಿಲಿಯಮ್ಸ್ 1962ರಲ್ಲಿ ನಿರ್ಧಾರ ಮಾಡಿತು, ಆಮರ್ಸ್ಟ್ ಮತ್ತು ಕೋಲ್ಬಿ 1984ರಲ್ಲಿ, ಬೋಡಿನ್ 1997ರಲ್ಲಿ. ಆ ಕಾಲೇಜುಗಳೇನೂ ಮುಳುಗಲಿಲ್ಲ. ಮಕ್ಕಳು ಈಗಲೂ ಅಲ್ಲಿ ಸೀಟು ಸಿಗಲಿ ಎಂದು ಹಂಬಲಿಸುತ್ತಾರೆ.

ಇನ್ನು ಹೇಜಿಂಗ್. ನಮ್ಮ ರ‍್ಯಾಗಿಂಗ್‌ನ ಅಣ್ಣ ಅದು. ನಮ್ಮಲ್ಲಿ ಸೀನಿಯರ್‌ಗಳು ಹೊಸಬರನ್ನು ಹುಡುಕಿಕೊಂಡು ಬರುತ್ತಾರೆ. ಇಲ್ಲಿ ಹೊಸಬನೇ ಹೋಗಿ ‘ಸೇರಿಸಿಕೊಳ್ಳಿ’ ಅನ್ನುತ್ತಾನೆ. ಹಾಗಾಗಿ ಏನು ಮಾಡಿದರೂ ಬಾಯಿ ಬಿಡುವುದಿಲ್ಲ. 2017ರಲ್ಲಿ ಪೆನ್ಸಿಲ್ವೇನಿಯಾದ ಒಂದು ಫ್ರಟರ್ನಿಟಿ ಮನೆಯಲ್ಲಿ, ಬಿಡ್ ಸ್ವೀಕರಿಸಿದ ರಾತ್ರಿಯೇ ವಿಪರೀತ ಕುಡಿಸಿದ್ದರಿಂದ 19 ವರ್ಷದ ಹುಡುಗನೊಬ್ಬ ಮೆಟ್ಟಿಲಿನಿಂದ ಬಿದ್ದ. ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಅವನು ಉಳಿಯಲಿಲ್ಲ. 2024ರ ಡಿಸೆಂಬರ್‌ನಲ್ಲಿ ಇಡೀ ದೇಶಕ್ಕೆ ಒಂದು ಕಾನೂನು ಬಂತು. ಅದರ ಪ್ರಕಾರ ಹೇಜಿಂಗ್ ಮಾಡಿ ತಪ್ಪಿತಸ್ಥರಾದ ಗುಂಪುಗಳ ವಿವರವನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಮಗನನ್ನು ಕಳಿಸುವ ಮೊದಲು ಅದನ್ನು ಹುಡುಕಿ ಓದಿ. ಮಗನಿಗೆ ಇಷ್ಟು ಮಾತ್ರ ಹೇಳಿ: ಪಕ್ಕದವನು ಏಳದೆ ಬಿದ್ದಿದ್ದರೆ ಯಾರು ಏನೇ ಅನ್ನಲಿ, ನೀನು 911ಕ್ಕೆ ಫೋನ್ ಮಾಡು. ಗುಟ್ಟು ಕಾಯಬೇಡ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸೆಮಿಸ್ಟರಿಗೆ ನೂರಾರು ಡಾಲರ್ ಶುಲ್ಕ, ಮೇಲೆ ಟೀ ಶರ್ಟು, ಫೋಟೊ, ಉಡುಗೊರೆ. ಸೇರುವ ಮೊದಲೇ ಪೂರ್ತಿ ಲೆಕ್ಕ ಬರೆದು ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಾಲೇಜು ಇನ್ನೂ ಆರಿಸುತ್ತಿರುವವರು ಕ್ಯಾಂಪಸ್ ನೋಡಲು ಹೋದಾಗ ಶನಿವಾರ ರಾತ್ರಿ ಅಲ್ಲೇ ಉಳಿಯಿರಿ. ಹತ್ತು ಗಂಟೆಗೆ ಒಂದು ಸುತ್ತು ನಡೆಯಿರಿ. ಸ್ಟೂಡೆಂಟ್ ಸೆಂಟರ್‌ನಲ್ಲಿ ಜನ ಇದ್ದಾರಾ? ನಾಟಕದ ರಿಹರ್ಸಲ್, ಸಿನಿಮಾ, ಕಾಫಿ ಅಂಗಡಿ ಏನಾದರೂ ನಡೆಯುತ್ತಿದೆಯಾ? ಇಲ್ಲಾ ದೀಪ ಉರಿಯುತ್ತಿರುವುದು ಫ್ರಟರ್ನಿಟಿ ಮನೆಗಳಲ್ಲಿ ಮಾತ್ರವಾ? ಹಗಲಿನ ಟೂರಿನಲ್ಲಿ ಇದು ಯಾವುದೂ ಕಾಣುವುದಿಲ್ಲ. ಈಗಾಗಲೇ ಕಾಲೇಜು ಸೇರಿ ಓದುತ್ತಿರುವ ಮಕ್ಕಳಿಗೆ ನಾನು ಹೇಳುವುದು, ಒಂದು ವರ್ಷ ತಡಿ ಅಂತ. ಎರಡನೇ ವರ್ಷವೂ ರಶ್ ಇರುತ್ತದೆ. ಅಷ್ಟರಲ್ಲಿ ನಿನ್ನದೇ ನಾಲ್ಕು ಜನ ಸ್ನೇಹಿತರಾಗಿರುತ್ತಾರೆ. ಆಗ ಲಕೋಟೆ ಬರದಿದ್ದರೂ ಊಟಕ್ಕೆ ಜೊತೆ ಇರುತ್ತದೆ.

ಜಯನಗರದ ಆ ತಾಯಿ ಮಗಳನ್ನೂ ಲೈನಿಗೆ ಸೇರಿಸಿದ್ದರು. ಹೋದ ವಾರ ಯಾರ ಜೊತೆ ಊಟ ಮಾಡಿದೆ ಎಂದು ಕೇಳಿದೆ. ಮೂರು ಹೆಸರು ಹೇಳಿದಳು, ಕೆಮಿಸ್ಟ್ರಿ ಲ್ಯಾಬಿನ ಹುಡುಗಿಯರಂತೆ. ಅವರೂ ರಶ್‌ಗೆ ಹೋಗುತ್ತಿದ್ದಾರಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ‘ಗೊತ್ತಿಲ್ಲ ಆಂಟಿ, ನಾನು ಕೇಳೇ ಇಲ್ಲ. ಇವತ್ತು ರಾತ್ರಿ ಊಟಕ್ಕೆ ಸಿಗ್ತಾರೆ, ಕೇಳ್ತೀನಿ’ ಅಂದಳು.