ಮನೆಗೆ ಮರಳಲು ಕಡಿದ ದಾರಿ

ಜುಲೈ 20, 2024, ಶನಿವಾರ
ಸ್ಯಾಕ್ರಮೆಂಟೊ

ಹೆದ್ದಾರಿ 88 ಹಿಡಿದು ಸಿಯೆರಾ ನೆವಾಡ ಪರ್ವತಸಾಲು ದಾಟಿ, ನೆವಾಡ ರಾಜ್ಯದ ಕಾರ್ಸನ್ ಕಣಿವೆಯ ಜಿನೋವಾ ಊರಿನವರೆಗೆ ಹೋಗಿಬಂದೆವು. 1848ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಾಜಿ ಸೈನಿಕರು ಬಂಡಿದಾರಿ ಕಡಿದದ್ದು ಬಹುಮಟ್ಟಿಗೆ ಇದೇ ಜಾಡಿನಲ್ಲಿ.

ಮೆಕ್ಸಿಕೊ ಜತೆಗಿನ ಯುದ್ಧಕ್ಕೆಂದು 1846ರಲ್ಲಿ ಸುಮಾರು 500 ಮಾರ್ಮನ್ನರು ಅಮೆರಿಕದ ಸೇನೆ ಸೇರಿ, ಸ್ಯಾನ್ ಡಿಯೇಗೊವರೆಗೂ ನಡೆದರು. ಮರುವರ್ಷ ಜುಲೈನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಸೇನೆಯಿಂದ ಬಿಡುಗಡೆ. ಕೆಲವರು ಸಟರ್ ಎಂಬ ಜಮೀನುದಾರನ ಬಳಿ ಕೂಲಿಗೆ ಸೇರಿದರು. ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ ಅವನ ಮರ ಕೊಯ್ಯುವ ಮಿಲ್ಲಿನ ಕಾಲುವೆಯಲ್ಲಿ ಚಿನ್ನ ಕಂಡಾಗ ಇವರು ಅಲ್ಲೇ ಇದ್ದರು. ಅದು 1848ರ ಜನವರಿ 24 ಎಂದು ಇವತ್ತಿಗೂ ಹೇಳಲಾಗುವುದು ಅವರಲ್ಲೊಬ್ಬನಾದ ಹೆನ್ರಿ ಬಿಗ್ಲರ್ ದಿನಚರಿ ಬರೆದಿಟ್ಟಿದ್ದರಿಂದ.

ಅಂಥ ಚಿನ್ನವನ್ನು ಬಿಟ್ಟು ಅದೇ ಬೇಸಿಗೆಯಲ್ಲಿ ಅವರು ಹೊರಟರು. ಮನೆಮಂದಿಯೆಲ್ಲ ಪೂರ್ವದಲ್ಲಿ, ಸಾಲ್ಟ್ ಲೇಕ್ ಕಡೆ. ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು ಇಲ್ಲೇ. 17 ಬಂಡಿಗಳು, ದನಕರು, ಕುದುರೆಗಳು, ಎರಡು ಸಣ್ಣ ಫಿರಂಗಿ. ಗಂಡಸರ ನಡುವೆ ಒಬ್ಬಳೇ ಹೆಂಗಸು, ಮೆಲಿಸ್ಸಾ ಕೋರೆ. ಗಂಡನೊಡನೆ ಸೈನ್ಯದ ಹಿಂದೆಯೇ ನಡೆದುಬಂದವಳು. ಹಾದಿ ನೋಡಲು ಮುಂದೆ ಹೋಗಿದ್ದ ಮೂವರು ಒಂದು ಒರತೆಯ ಬಳಿ ಕೊಲೆಯಾಗಿ ಸಿಕ್ಕರು. ಬ್ರೋವೆಟ್, ಅಲೆನ್, ಕಾಕ್ಸ್: ಜತೆಗಾರರು ಈ ಹೆಸರುಗಳನ್ನು ಅಲ್ಲಿನ ಮರದಲ್ಲಿ ಕೆತ್ತಿದರು. ಆ ಜಾಗ ಈಗ ಟ್ರಾಜಿಡಿ ಸ್ಪ್ರಿಂಗ್. ನಾವು ಕಾರು ನಿಲ್ಲಿಸಿ ಸ್ವಲ್ಪ ಹೊತ್ತು ನಿಂತೆವು. ಮುಂದಿನ ಕಮರಿಯಲ್ಲಿ ಬಂಡೆಗಳ ಮೇಲೆ ಬೆಂಕಿ ಹಾಕಿ, ಕಾಯಿಸಿ ಒಡೆದು ಚಕ್ರಕ್ಕೆ ಜಾಗ ಮಾಡಿದರಂತೆ.

ಅವರು ಪೂರ್ವಕ್ಕೆಂದು ಕಡಿದ ದಾರಿಯಲ್ಲಿ ಮರುವರ್ಷ ಚಿನ್ನದ ಆಸೆಯವರು ಪಶ್ಚಿಮಕ್ಕೆ ನುಗ್ಗಿದರು. ಹಸಿದು, ಎತ್ತು ಸೋತು ಬಂದವರಿಗೆ ಪರ್ವತದ ಬುಡದಲ್ಲಿ ಹಿಟ್ಟು, ಮಾಂಸ ಬೇಕಿತ್ತು. 1850ರಲ್ಲಿ ಅಲ್ಲೊಂದು ಅಂಗಡಿ ಎದ್ದಿತು. ತೆರೆದವರಲ್ಲಿ ಅಬ್ನರ್ ಬ್ಲ್ಯಾಕ್‌ಬರ್ನ್ ಅದೇ ಪಡೆಯ ಹಳೆಯ ಸೈನಿಕ. 1851ರಲ್ಲಿ ಜಾನ್ ರೀಸ್ ಬಂದು ಬಲವಾಗಿ ನೆಲೆಯೂರಿದ. ಮಾರ್ಮನ್ ಸ್ಟೇಷನ್ ಎನಿಸಿಕೊಂಡ ಆ ನೆಲೆಯೇ ಇಂದಿನ ಜಿನೋವಾ. 1857ರಲ್ಲಿ ಮಾರ್ಮನ್ನರ ನಾಯಕ ಬ್ರಿಗಮ್ ಯಂಗ್ ವಾಪಸ್ ಕರೆದಾಗ ಹೆಚ್ಚಿನ ಮಾರ್ಮನ್ನರು ಹೊಲಮನೆ ಬಿಟ್ಟು ಹೋದರು. ದಾರಿ ಉಳಿಯಿತು, ಬೇರೆಯವರು ಬಂದು ತುಂಬಿಕೊಂಡರು.

ಆದರೆ ಈ ಕಣಿವೆ ಮೊದಲೇನು ಖಾಲಿ ಬಿದ್ದಿರಲಿಲ್ಲ. ಇದು ಇಲ್ಲಿನ ಮೂಲನಿವಾಸಿಗಳಾದ ವಾಶೋ ಜನರ ನೆಲ. ಪೈನ್ ಮರದ ಬೀಜ, ಹುಲ್ಲಿನ ಬೀಜ ಆರಿಸಿ ಬದುಕುತ್ತಿದ್ದವರು. ವಲಸಿಗರ ದನಗಳು ಆ ಹುಲ್ಲನ್ನೇ ಮೇಯ್ದವು, ಆಮೇಲೆ ಬಂದ ಗಣಿಗಳು ಪೈನ್ ಮರಗಳನ್ನು ಕಡಿಸಿದವು. ಬಂಡೆ ಒಡೆದವರ ಛಲವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆ ದಾರಿಯಿಂದ ವಾಶೋ ಜನ ಕಳೆದುಕೊಂಡದ್ದನ್ನೂ ಅದರ ಪಕ್ಕದಲ್ಲೇ ಬರೆದಿಡಬೇಕು.